ಹಗ್ಗ ಹಿಡಿದವನ ತಲೆ

ಅಂಗೈ ಮೇಲೆ ಇಟ್ಟುಕೊಂಡರೆ ಇದೆಯೋ ಇಲ್ಲವೋ ಎನ್ನುವಷ್ಟು ಚಿಕ್ಕ ಮಾತ್ರೆ. ಉಫ್ ಎಂದರೆ ಹಾರಿಹೋಗುವಂಥದ್ದು. ಅದು ಹೊಟ್ಟೆಗಿಳಿದು, ರಕ್ತಕ್ಕೆ ಸೇರಿ, ದಾರಿ ತಪ್ಪದೆ ತಲೆಯವರೆಗೆ ಹೋಗಿ, ಅಲ್ಲಿ ಮುದುರಿ ಕೂತ ಮನುಷ್ಯನನ್ನು ಎಬ್ಬಿಸಿ ಮುಖ ತೊಳೆಸುತ್ತದೆ ಎಂದರೆ ನಂಬುವುದು ಹೇಗೆ ಸ್ವಾಮಿ? ಭಾವನಿಗೆ ನಂಬಿಕೆ ಬರುತ್ತಿರಲಿಲ್ಲ, ಬೆರಗು ಮಾತ್ರ ಬರುತ್ತಿತ್ತು. ದಿನಾ ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡುತ್ತಿದ್ದ.

"ರೀ, ನೋಡಿದ್ದು ಸಾಕು, ನುಂಗ್ರೀ. ಅದೇನು ವಜ್ರಾನಾ?" ಎನ್ನುತ್ತಿದ್ದಳು ಹೆಂಡತಿ, ನೀರಿನ ಲೋಟ ಮುಂದೆ ಹಿಡಿದು.

ನ್ಯಾಯವಾಗಿ ನೋಡಿದರೆ ಅವನನ್ನು ಭಾವ ಎಂದು ಕರೆಯಬೇಕಾದವನು ಲೋಕದಲ್ಲಿ ಒಬ್ಬನೇ, ಹೆಂಡತಿಯ ತಮ್ಮ. ಆದರೆ ಆ ಮಹಾರಾಯ ದಿನವಿಡೀ ಗೋಡೆಯ ಮೇಲಿಂದ "ಭಾವಾ, ಭಾವಾ" ಎಂದು ಗಂಟಲು ಹರಿದುಕೊಳ್ಳುವುದನ್ನು ಕೇಳಿ ಕೇಳಿ, ಕಟ್ಟಡಗಳ ಕಾವಲಿನವರು, ಲಿಫ್ಟಿನವರು, ಕೊನೆಗೆ ಬಕೆಟ್ ಮಾರುವ ಅಂಗಡಿಯವನೂ ಭಾವ ಎಂದೇ ಕರೆಯತೊಡಗಿದ್ದರು. "ನನ್ನ ಹಣೆಬರಹ ನೋಡಿ, ಊರಿಗೆಲ್ಲಾ ಅಕ್ಕ ಆಗ್ಬಿಟ್ಟೆ" ಎಂದು ಹೆಂಡತಿ ನಗುತ್ತಿದ್ದಳು. ತಮ್ಮನಿಗೂ ಒಂದು ಅಡ್ಡಹೆಸರಿತ್ತು: ಹಲ್ಲಿ. ಎರಡು ಮಕ್ಕಳ ತಂದೆ, ತಲೆ ಅರ್ಧ ಬೋಳಾಗಿದೆ, ಆದರೂ ಹಲ್ಲಿ. ಗಾಜಿನ ಗೋಡೆಗೆ ಅವನು ಅಂಟಿಕೊಂಡ ರೀತಿ ನೋಡಿದವರು ಬೇರೆ ಹೆಸರಿಡಲು ಸಾಧ್ಯವೇ ಇರಲಿಲ್ಲ.

ಅವರಿಬ್ಬರ ಕಸುಬು ಎತ್ತರದ ಕಟ್ಟಡಗಳ ಗಾಜು ಒರೆಸುವುದು. ಒಬ್ಬ ತಾರಸಿಯ ಮೇಲೆ, ಒಬ್ಬ ಹಲಗೆಯ ಮೇಲೆ. ಹಲಗೆ ಎಂದರೆ ಉಯ್ಯಾಲೆಯ ಮಣೆಯಂಥದ್ದು. ಅದರ ಹಗ್ಗ ಮೋಟುಗೋಡೆ ದಾಟಿ ಮೇಲೆ ಬಂದು, ತಾರಸಿಯ ಗಿಡ್ಡ ಕಬ್ಬಿಣದ ಕಂಬಕ್ಕೆ ಸುತ್ತಿಕೊಂಡಿರುತ್ತದೆ. ಮೇಲಿನವನು ಆ ಸುತ್ತನ್ನು ಸಡಿಲಿಸುತ್ತ ಕೆಳಗಿನವನನ್ನು ಒಂದೊಂದೇ ಮಹಡಿ ಇಳಿಸಬೇಕು, ಕಿಟಕಿ ಬಂದಾಗ ಗಂಟು ಹಾಕಿ ನಿಲ್ಲಿಸಬೇಕು, ಒರೆಸಿ ಮುಗಿದ ಮೇಲೆ ಬಿಚ್ಚಿ ಮತ್ತೆ ಇಳಿಸಬೇಕು. ಕೆಳಗಿನವನ ಬೆಲ್ಟಿಗೆ ಬೇರೆಯದೇ ಒಂದು ಸೇಫ್ಟಿ ಹಗ್ಗ ಇರುತ್ತದೆ. ಅದು ಬಿದ್ದವನನ್ನು ಹಿಡಿಯುತ್ತದೆ ಅಷ್ಟೇ, ಇಳಿಸುವುದಿಲ್ಲ. ಈ ಕೆಲಸ ಭಾವನಿಗೆ ಕಲಿಸಿದ್ದು ಮಾವ, ಹೆಂಡತಿಯ ಅಪ್ಪ. ತೀರಿಕೊಳ್ಳುವವರೆಗೂ ಅವರು ಎರಡು ವಿಷಯಕ್ಕೆ ಮಾತ್ರ ಕೆಂಡಾಮಂಡಲವಾಗುತ್ತಿದ್ದರು. ಹಲಗೆಯ ಮೇಲೆ ಯಾರೂ ಚಾಕು ಒಯ್ಯಕೂಡದು, ಅದು ತಾರಸಿಯಲ್ಲೇ ಇರಬೇಕು. ಇನ್ನೊಂದು, ತಾರಸಿಯ ಗಂಟನ್ನು ಹಾಕಿದವನೇ ಬಿಚ್ಚಬೇಕು, ಬೇರೆಯವರ ಕೈ ತಾಕಕೂಡದು. ಯಾವ ಎಳೆ ಯಾವುದರ ಕೆಳಗೆ ಹೋಗಿದೆ ಎಂಬುದು ಹಾಕಿದ ಕೈಗೆ ಮಾತ್ರ ಗೊತ್ತಿರುತ್ತದೆ ಎನ್ನುತ್ತಿದ್ದರು.

ಭಾವ ಮತ್ತು ಹಲ್ಲಿ ದಿನ ಬಿಟ್ಟು ದಿನ ಅದಲುಬದಲಾಗುತ್ತಿದ್ದರು. ಹೀಗಿರುವಾಗ ಭಾವನಿಗೆ ಮಂಕು ಕವಿಯಿತು. ಯಾಕೆ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಊಟ ರುಚಿಸದು, ನಿದ್ದೆ ಹತ್ತದು, ಸ್ನಾನಕ್ಕೆ ಏಳುವುದೆಂದರೆ ಬೆಟ್ಟ ಹತ್ತಿದಂತೆ. ಹೆಂಡತಿ ಕೈ ಹಿಡಿದು ಎಳೆದುಕೊಂಡೇ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಅವರು ಸಾವಧಾನವಾಗಿ ಎಲ್ಲ ಕೇಳಿ, ಮಾತ್ರೆ ಬರೆದುಕೊಟ್ಟು, "ಇದು ಮೈಗೆ ಒಗ್ಗೋವರೆಗೂ ಹಲಗೆ ಮೇಲೆ ಕೂರಬೇಡಿ, ತಲೆ ಸುತ್ತಬಹುದು" ಎಂದರು. ಅಂದಿನಿಂದ ಹಲ್ಲಿ ದಿನಾ ಕೆಳಗೆ, ಭಾವ ದಿನಾ ಮೇಲೆ.

ಮಂಕು ಸ್ವಲ್ಪ ಸರಿಯಿತು ಎನ್ನುವಷ್ಟರಲ್ಲಿ ಬಂತು ನೋಡಿ, ಆ ಇನ್ನೊಂದು. ಒಳ್ಳೆಯ ಬಿಸಿಲಿನ ದಿನ. ಹಲ್ಲಿ ಕೆಳಗೆ ಹಾಡು ಗುನುಗುತ್ತ ಗಾಜು ಉಜ್ಜುತ್ತಿದ್ದ. ಕಂಬದ ಕೊಕ್ಕೆಗೆ ಚಾಕು ತೂಗುತ್ತಿತ್ತು, ಯಾವ ಕಟ್ಟಡಕ್ಕೆ ಹೋದರೂ ಹಾಗೇ ತೂಗುಹಾಕುತ್ತಿದ್ದ ಚಾಕು. ಭಾವ ಅದನ್ನು ನೋಡಿದ. ಒಳಗಿನಿಂದ ಯಾರೋ ಹೇಳಿದಂತಾಯಿತು: ಹಗ್ಗ ಕೊಯ್ದುಬಿಡು.

ಅಯ್ಯೋ ದೇವರೇ! ಎದೆ ಬಾಯಿಗೆ ಬಂತು. ಹಲ್ಲಿ ಎಂದರೆ ಅವನಿಗೆ ಪ್ರಾಣ. ತಾನು ಮದುವೆಯಾದಾಗ ಇನ್ನೂ ಮೀಸೆ ಬಾರದಿದ್ದ ಹುಡುಗ, ಕೈ ಹಿಡಿದು ಕೆಲಸ ಕಲಿಸಿದ್ದೇ ತಾನು. ಅಂಥವನ ಹಗ್ಗ ಕೊಯ್ಯುವ ಯೋಚನೆ ತನ್ನ ತಲೆಯಲ್ಲಿ ಹುಟ್ಟಿತೇ? ಭಾವ ಕೂಡಲೇ ಹಾಕಿದ್ದ ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದ. ಎದೆ ತುಸು ತಣ್ಣಗಾಯಿತು. ಅರೆಗಳಿಗೆ ಕಳೆದು ಯೋಚನೆ ಮತ್ತೆ ಬಂತು. ಮತ್ತೊಂದು ಗಂಟು ಬಿತ್ತು.

ಅದಾದ ಮೇಲೆ ದಿನಾ ಅದೇ ರಗಳೆ. ಒಂದು ಗಂಟು ಸಾಕಾಗಿದ್ದ ಕಂಬಕ್ಕೆ ಗಂಟಿನ ಮೇಲೆ ಗಂಟು ಬಿದ್ದು ಕುಂಬಳಕಾಯಿ ಗಾತ್ರವಾಗುತ್ತಿತ್ತು. ಬಿಚ್ಚಿ ಇಳಿಸುವಷ್ಟರಲ್ಲಿ ಹಲ್ಲಿಗೆ ಬೇಸರ ಬಂದು, "ಭಾವಾ, ಮೇಲೆ ಏನು ಜಡೆ ಹೆಣೀತಿದ್ದೀರಾ?" ಎಂದು ವಾಕಿಟಾಕಿಯಲ್ಲಿ ಕೂಗುತ್ತಿದ್ದ. ಚಾಕುವನ್ನಂತೂ ಭಾವ ಹಳೇ ಟವೆಲಿನಲ್ಲಿ ಸುತ್ತಿ, ಅದಕ್ಕೂ ದಾರ ಬಿಗಿದು, ಚೀಲದ ತಳಕ್ಕೆ ತುರುಕಿಬಿಟ್ಟಿದ್ದ.

ಇದನ್ನು ಡಾಕ್ಟರಮ್ಮನಿಗೆ ಹೇಳಿದನೇ? ಎಲ್ಲಿಂದ ಹೇಳುತ್ತಾನೆ! ಹೇಳಿದರೆ ಪೊಲೀಸರನ್ನು ಕರೆಯುತ್ತಾರೆ, ಹೆಂಡತಿ ತವರಿಗೆ ಹೋಗುತ್ತಾಳೆ, ಹಲ್ಲಿ ಇನ್ನೆಂದೂ ಮುಖ ನೋಡುವುದಿಲ್ಲ ಎಂದೇ ಲೆಕ್ಕ ಹಾಕಿದ್ದ. "ಮನಸ್ಸು ಸರಿ ಇಲ್ಲ ಮೇಡಂ" ಎಂದಷ್ಟೇ ಹೇಳಿದ. ಅವರು ಮಾತ್ರೆ ಏರಿಸಿದರು. ಏರಿಸಿದ ಮೊದಮೊದಲು ಕೈ ನಡುಗಿತು, ಕೂತಲ್ಲಿ ಕೂರಲಾಗದ ಚಡಪಡಿಕೆ ಶುರುವಾಯಿತು, ಆ ಯೋಚನೆಯಂತೂ ಧ್ವನಿವರ್ಧಕ ಇಟ್ಟುಕೊಂಡು ಕೂಗತೊಡಗಿತು. ಈ ಮಾತ್ರೆಯೇ ನನ್ನನ್ನು ಕೊಲೆಗಾರನನ್ನಾಗಿ ಮಾಡುತ್ತಿದೆ ಎಂದುಕೊಂಡ ಭಾವ, ಯಾರಿಗೂ ಹೇಳದೆ ಒಮ್ಮೆಲೇ ನಿಲ್ಲಿಸಿಬಿಟ್ಟ. ಆಗ ನೋಡಬೇಕಿತ್ತು ಅವನ ಅವಸ್ಥೆ. ಕತ್ತು ತಿರುಗಿಸಿದರೆ ತಲೆಯೊಳಗೆ ಕರೆಂಟು ಹೊಡೆದ ಹಾಗೆ ಜಿರ್ ಎನ್ನುತ್ತಿತ್ತು. ಚಪ್ಪಲಿ ಹಾಕಿಕೊಳ್ಳುತ್ತ ಕೂತವನು ಹಾಗೇ ಅಳತೊಡಗಿದ್ದನ್ನು ಕಂಡು ಹೆಂಡತಿ ಮತ್ತೆ ಎಳೆದುಕೊಂಡು ಓಡಿದಳು.

ಡಾಕ್ಟರಮ್ಮ ಚೆನ್ನಾಗಿ ಬೈದರು. "ನಿಮ್ಮಿಷ್ಟಕ್ಕೆ ನಿಲ್ಲಿಸಿಬಿಡೋದಾ? ನಿಮ್ಮ ಕೆಲಸದಲ್ಲಿ ಹಲಗೆ ಮೇಲಿರೋನನ್ನ ಧೊಪ್ಪಂತ ಇಳಿಸ್ತೀರಾ?"

"ಎಲ್ಲಾದ್ರೂ ಉಂಟೇ ಮೇಡಂ! ಸುತ್ತು ಸುತ್ತು ಬಿಟ್ಟು ನಿಧಾನಕ್ಕೇ ಇಳಿಸ್ಬೇಕು."

"ಮತ್ತೆ? ಇದೂ ಹಾಗೇ. ಏರಿಸೋದೂ ನಿಧಾನ, ಇಳಿಸೋದೂ ನಿಧಾನ."

ಆ ಮಾತು ಕೇಳಿ ಭಾವನಿಗೆ ಏನಾಯಿತೋ, ಕಟ್ಟೆ ಒಡೆದಂತೆ ಎಲ್ಲವೂ ಹೊರಬಂತು. ಹೆಂಡತಿಯನ್ನು ಹೊರಗೆ ಕೂರಿಸಿ, ನೆಲ ನೋಡುತ್ತ ಚಾಕು, ಹಗ್ಗ, ಹಲ್ಲಿ ಎಲ್ಲ ಹೇಳಿ ಮುಗಿಸಿದ. ಹೇಳಿ, ಅವರು ಫೋನಿಗೆ ಕೈ ಹಾಕುವುದನ್ನೇ ಕಾಯುತ್ತ ಕೂತ.

ಡಾಕ್ಟರಮ್ಮ ಫೋನಿಗೆ ಕೈ ಹಾಕಲಿಲ್ಲ. "ಕೊಯ್ಯಬೇಕು ಅಂತ ಆಸೆ ಆಗುತ್ತಾ?" ಎಂದು ಕೇಳಿದರು.

"ಅಯ್ಯೋ, ಆಸೇನಾ? ಆ ಚಾಕುನ ಟವೆಲಲ್ಲಿ ಸುತ್ತಿ ಚೀಲದ ತಳದಲ್ಲಿ ಬಚ್ಚಿಟ್ಟಿದ್ದೀನಿ ಮೇಡಂ."

"ಅದು ಬಂದಾಗ ಏನು ಮಾಡ್ತೀರಿ?"

"ಇನ್ನೊಂದು ಗಂಟು ಹಾಕ್ತೀನಿ."

ಅವರು ಕುರ್ಚಿಗೆ ಒರಗಿದರು. ಮಗುವಿಗೆ ಸ್ನಾನ ಮಾಡಿಸುವ ತಾಯಂದಿರಿಗೆ, ಬಸ್ಸು ಓಡಿಸುವವರಿಗೆ, ಆಪರೇಷನ್ ಮಾಡುವ ಡಾಕ್ಟರುಗಳಿಗೆ ಕೂಡ ಇಂಥ ಯೋಚನೆ ಬರುತ್ತದೆ, ಕೆಲವರಿಗೆ ಬಂದು ಹೋಗುತ್ತದೆ, ಕೆಲವರಿಗೆ ಅಂಟಿಕೊಳ್ಳುತ್ತದೆ, ಅಂಟಿಕೊಂಡದ್ದಕ್ಕೆ ಚಿಕಿತ್ಸೆ ಇದೆ ಎಂದು ಬಿಡಿಸಿ ಹೇಳಿದರು. ಭಾವ ಬಾಯಿ ತೆರೆದುಕೊಂಡು ಕೇಳಿದ. ಇಷ್ಟು ದಿನ ತಾನೊಬ್ಬನೇ ಹೊತ್ತಿದ್ದೇನೆ ಎಂದುಕೊಂಡಿದ್ದ ಭಾರವನ್ನು ಬೀದಿಯಲ್ಲಿ ಎದುರಾಗುವ ಎಷ್ಟೋ ಜನ ಬಾಯಿ ಮುಚ್ಚಿಕೊಂಡು ಹೊತ್ತು ತಿರುಗುತ್ತಿದ್ದಾರೆಯೇ? ಮೈ ಜುಮ್ಮೆಂದಿತು ಅವನಿಗೆ. ಹೊರಗೆ ಬೆಂಚಿನ ಮೇಲೆ ಕೂತಿದ್ದವರನ್ನೆಲ್ಲ ಎದ್ದು ಹೋಗಿ ಮಾತಾಡಿಸಬೇಕು ಎನಿಸಿತು.

"ಈ ಅಂಟಿಕೊಂಡ ಯೋಚನೆಗೆ ಮಾತ್ರೆ ಸ್ವಲ್ಪ ಜಾಸ್ತೀನೇ ಬೇಕಾಗುತ್ತೆ, ಹಿಡಿಯೋಕೆ ವಾರಗಟ್ಟಲೆ ಬೇಕು. ಕೆಳಗಿಂದ ಶುರು ಮಾಡಿ ಹಂತಹಂತವಾಗಿ ಏರಿಸೋಣ. ಆದ್ರೆ ನೀವೂ ಒಂದು ಕೆಲಸ ಮಾಡ್ಬೇಕು. ಆ ಹೆಚ್ಚಿನ ಗಂಟು ಇದೆಯಲ್ಲ, ಅದೂ ಕಾಯಿಲೇನೇ. ಅದನ್ನ ಕಡಿಮೆ ಮಾಡ್ತಾ ಬನ್ನಿ. ಯೋಚನೆ ಬರಲಿ, ಕೂಗಲಿ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ."

ಮಾತ್ರೆಯನ್ನು ಅವನು ಚಾಚೂ ತಪ್ಪದೆ ನುಂಗಿದ. ಹಂತಹಂತವಾಗಿ ಏರಿಸಿದಂತೆ ನಿದ್ದೆ ಮರಳಿತು, ಅನ್ನದ ರುಚಿ ಮರಳಿತು, ಒಂದು ದಿನ ಹೆಂಡತಿಯ ಜೊತೆ ಟೀವಿ ರಿಮೋಟಿಗಾಗಿ ಜಗಳವಾಡುವಷ್ಟು ಚೈತನ್ಯವೂ ಬಂತು. ಯೋಚನೆಯ ಸದ್ದೂ ತುಸು ಇಳಿದಿತ್ತು. ಆದರೆ ಗಂಟು? ಅದನ್ನು ಮಾತ್ರ ಬಿಡಲಾಗಲಿಲ್ಲ. ಡಾಕ್ಟರಮ್ಮನಿಗೇನು, ಕುರ್ಚಿಯ ಮೇಲೆ ಕೂತು ಹೇಳುತ್ತಾರೆ, ಹಗ್ಗದ ತುದಿಯಲ್ಲಿರುವುದು ನನ್ನ ಹಲ್ಲಿ ತಾನೇ ಎಂದುಕೊಂಡು ಹಾಕುತ್ತಲೇ ಹೋದ. ಆ ತಪ್ಪೇ ಅವನನ್ನು ಹಿಡಿದುಹಾಕಿತು.

ಆ ದಿನ ಕೆಲಸವಿದ್ದದ್ದು ಒಂದು ಕಚೇರಿಯ ಕಟ್ಟಡದಲ್ಲಿ. ಬುಡದಿಂದ ತುದಿಯವರೆಗೆ ಗಾಜೇ ಗಾಜು, ತೆರೆಯುವ ಕಿಟಕಿ ಒಂದೂ ಇಲ್ಲ. ಬೆಳಿಗ್ಗೆ ತುಂತುರು ಹನಿದು ನಿಂತಿತ್ತು, ಹಗ್ಗ ಒದ್ದೆಯಾಗಿತ್ತು. ಹಲ್ಲಿ ಅರ್ಧ ಗೋಡೆ ಇಳಿದಿದ್ದಾಗ ಗಾಳಿ ಎದ್ದಿತು. ಹಲಗೆ ತೂಗಿತು, ತೂಗಿದಂತೆಲ್ಲ ಮೇಲಿನ ಗಂಟುಗಳು ಒಂದರೊಳಗೊಂದು ಕಚ್ಚಿಕೊಂಡವು.

"ಭಾವಾ, ಗಾಳಿ ಜೋರಾಗ್ತಿದೆ, ಇಳಿಸಿಬಿಡಿ, ಇವತ್ತಿಗೆ ಸಾಕು" ಎಂದಿತು ವಾಕಿಟಾಕಿ.

ಭಾವ ಗಂಟಿಗೆ ಕೈ ಹಾಕಿದ. ಬಿಚ್ಚಲಿಲ್ಲ. ಉಗುರು ಹಾಕಿದ, ಸ್ಕ್ರೂಡ್ರೈವರ್ ತೂರಿಸಿ ಮೀಟಿದ, ಕಾಲು ಕೊಟ್ಟು ಎಳೆದ. ಒದ್ದೆ ಹಗ್ಗ ಭಾರಕ್ಕೆ ಬಿಗಿದು ಕಲ್ಲಾಗಿತ್ತು. ಯಾವ ಎಳೆ ಯಾವುದರ ಕೆಳಗೆ ಹೋಗಿದೆ ಎಂಬುದು ಹಾಕಿದ ಅವನಿಗೇ ತಿಳಿಯಲಿಲ್ಲ. ಬೆವರು ಕಿತ್ತುಕೊಂಡು ಬಂತು. ಕೆಳಗೆ ಹಲಗೆ ಗಾಜಿಗೆ ಧಡ್ ಎಂದು ಬಡಿದ ಸದ್ದು ಮೇಲಿನವರೆಗೂ ಕೇಳಿಸಿತು.

ಕಟ್ಟಡದ ಕಾವಲಿನವನು ಏದುಸಿರು ಬಿಡುತ್ತ ಮೇಲೆ ಬಂದ. "ಭಾವ, ಫೈರ್ ಇಂಜಿನ್ನಿಗೆ ಫೋನ್ ಮಾಡ್ದೆ. ಅವರ ಏಣಿ ಇಷ್ಟೆತ್ತರ ಬರಲ್ವಂತೆ. ಬೇರೆ ಏನಾದ್ರೂ ಮಾಡ್ತಾರಂತೆ, ಆದ್ರೆ ಹೊತ್ತಾಗುತ್ತಂತೆ."

ಹೊತ್ತು ಎಲ್ಲಿತ್ತು? ಗಾಳಿ ಹಲ್ಲಿಯನ್ನು ಎತ್ತಿ ಎತ್ತಿ ಗಾಜಿಗೆ ಹಾಕುತ್ತಿತ್ತು.

ದಾರಿ ಒಂದೇ ಇತ್ತು, ಅದು ಇಬ್ಬರಿಗೂ ಗೊತ್ತಿತ್ತು. ಹೇಳಿದವನು ಹಲ್ಲಿ. "ಭಾವಾ, ಇನ್ನೊಂದು ಹಗ್ಗ ಬಿಡಿ. ಹಲಗೆಗೆ ಸಿಕ್ಕಿಸ್ಕೋತೀನಿ. ಅದನ್ನ ಬೇರೆ ಕಂಬಕ್ಕೆ ಸುತ್ತಿ ಬಿಗಿಯಾಗಿ ಹಿಡೀರಿ. ಆಮೇಲೆ ಹಳೇದನ್ನ ಕೊಯ್ದುಬಿಡಿ."

ಕೊಯ್ದುಬಿಡಿ! ತಿಂಗಳುಗಟ್ಟಲೆ ತಲೆಯೊಳಗೆ ಕೂಗಿದ್ದ ಅದೇ ಮಾತು ಈಗ ಹಲ್ಲಿಯ ಬಾಯಿಂದಲೇ ಬಂತು. ಕೆಲಸ ಮಾತ್ರ ನಿಲ್ಲಲಿಲ್ಲ. ಹೊಸ ಹಗ್ಗ ಕೆಳಗೆ ಹೋಯಿತು, ಹಲ್ಲಿ ಕೊಂಡಿ ಸಿಕ್ಕಿಸಿ ಎರಡು ಸಲ ಜಗ್ಗಿದ. ಭಾವ ಅದನ್ನು ಪಕ್ಕದ ಕಂಬಕ್ಕೆ ಸುತ್ತಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆದು, ತುದಿಯನ್ನು ಎಡಗೈಗೆ ಬಿಗಿದುಕೊಂಡ. ಬಲಗೈಯಿಂದ ಚೀಲ ಕೊಡವಿದ. ಟವೆಲ್ ಹೊರಬಿತ್ತು. ಅದರ ದಾರಕ್ಕೂ ಗಂಟು, ಗಂಟಿಗೂ ಗಂಟು! ತನ್ನ ಬುದ್ಧಿಗೆ ತಾನೇ ಶಾಪ ಹಾಕುತ್ತ ಹಲ್ಲಿನಿಂದ ಕಚ್ಚಿ ಹರಿದ. ಚಾಕು ಕೈಗೆ ಬಂತು.

ಮೋಟುಗೋಡೆಯ ಮೇಲೆ ಮೂರು ಒದ್ದೆ ಹಗ್ಗಗಳು ಅಕ್ಕಪಕ್ಕ ಬಿಗಿದು ನಿಂತಿದ್ದವು. ತಲೆಯೊಳಗೆ ಸಂತೆ ಸೇರಿತು: ಮೂರನ್ನೂ ಕೊಯ್ದುಬಿಡು, ಅವನು ಬೀಳಲಿ, ನೀನು ಅಂಥವನೇ, ನೀನು ಅಂಥವನೇ.

"ಕೊಡಿ ಭಾವ, ನಾನು ಕೊಯ್ತೀನಿ. ನಿಮ್ಮ ಕೈ ನಡುಗ್ತಿದೆ" ಎಂದು ಕಾವಲಿನವನು ಕೈ ಚಾಚಿದ.

ಕೊಟ್ಟುಬಿಟ್ಟರೆ ಮುಗಿಯಿತು. ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಭಾವ ಒಂದು ಕ್ಷಣ ಚಾಕುವನ್ನು ಅವನತ್ತ ಚಾಚಿಯೂಬಿಟ್ಟ. ಅಷ್ಟರಲ್ಲಿ ವಾಕಿಟಾಕಿ ಗೊರಗುಟ್ಟಿತು, ಕಾವಲಿನವನ ಮಾತು ಅದರಲ್ಲಿ ಕೆಳಗೂ ಕೇಳಿಸಿತ್ತು. "ಭಾವಾ, ಬೇರೆ ಯಾರ ಕೈಗೂ ಕೊಡ್ಬೇಡಿ. ನೀವೇ ಕೊಯ್ಯಿರಿ. ನಾನು ರೆಡಿ." ಆ ದನಿಯಲ್ಲಿ ಹೆದರಿಕೆ ಇತ್ತು, ಅನುಮಾನ ಚೂರೂ ಇರಲಿಲ್ಲ.

ಭಾವ ಕೈ ಹಿಂದಕ್ಕೆಳೆದುಕೊಂಡ. ಕಂಬದಿಂದ ಮೊದಲುಗೊಂಡು ಹಗ್ಗವನ್ನು ಕಣ್ಣಿನಿಂದ ಹಿಂಬಾಲಿಸಿದ, ಬೆರಳಿನಿಂದ ಮುಟ್ಟಿ ನೋಡಿದ. ಇದು ಸೇಫ್ಟಿಯದು. ಇದು ಹೊಸದು. ಇದು ಹಳೆಯದು. ಯೋಚನೆ ಕೂಗುತ್ತಲೇ ಇತ್ತು. ಅವನು ಅದಕ್ಕೆ ಉತ್ತರ ಕೊಡಲು ಹೋಗಲಿಲ್ಲ, ಸುಮ್ಮನಿರು ಎಂದು ಬೇಡಲೂ ಇಲ್ಲ. ಹಳೆಯ ಹಗ್ಗದ ಮೇಲೆ ಅಲಗು ಇಟ್ಟು ಎಳೆದ. ಎಳೆಗಳು ಚಟಚಟನೆ ಹರಿದವು. ಕೊನೆಯ ಎಳೆ ಹೋದಾಗ ಹಲಗೆ ಗಕ್ಕನೆ ಒಂದು ಗೇಣು ಕುಸಿಯಿತು, ಹೊಸ ಹಗ್ಗ ಕಂಬದ ಮೇಲೆ ಕಿರ್ ಎಂದಿತು, ಎಡಗೈಯ ಚರ್ಮ ಸುಲಿಯಿತು. ಹಗ್ಗ ನಿಂತಿತು. ಹಲ್ಲಿ ನಿಂತ.

ಆಗ ಭಾವ ತನ್ನ ಬಲಗೈಯನ್ನು ನೋಡಿಕೊಂಡ. ಮಾತ್ರೆ ನೋಡಿ ಬೆರಗಾಗಿದ್ದು ಏನೇನೂ ಅಲ್ಲ, ಇದು ಬೆರಗು ಎಂದರೆ! ತಲೆ ಅಷ್ಟು ಅರಚಿದರೂ ಈ ಕೈ ಸರಿಯಾದ ಹಗ್ಗವನ್ನು ಹುಡುಕಿ, ಅದನ್ನೊಂದನ್ನೇ ಕೊಯ್ದು, ಉಳಿದವಕ್ಕೆ ಒಂದು ಗೀರೂ ತಾಗಿಸದೆ ಹಿಂದೆ ಬಂದಿತ್ತು. ಇಷ್ಟು ದಿನ ಕಳ್ಳನನ್ನು ಕಾಯುವಂತೆ ಇದನ್ನೇ ಕಾದಿದ್ದನಲ್ಲ! ಮೋಟುಗೋಡೆಯಾಚೆ ಮೋಡಗಳು ಓಡುತ್ತಿದ್ದವು, ಕೆಳಗೆ ಬೀದಿಯಲ್ಲಿ ಜನ ತಲೆಯೆತ್ತಿ ನೋಡುತ್ತಿದ್ದರು, ಇಷ್ಟು ದೊಡ್ಡ ಆಕಾಶದ ಅಡಿಯಲ್ಲಿ ಒಂದು ಹಗ್ಗದ ತುದಿ ಹಿಡಿದು ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅಳುತ್ತಲೇ ಸುತ್ತು ಸುತ್ತು ಸಡಿಲಿಸಿ, ಒಂದು ಕುಲುಕೂ ಇಲ್ಲದ ಹಾಗೆ ಹಲ್ಲಿಯನ್ನು ನೆಲ ಮುಟ್ಟಿಸಿದ.

ಕೆಳಗೆ ಬಂದು ನೋಡಿದರೆ ಹಲ್ಲಿ ಫುಟ್‌ಪಾತಿನ ಮೇಲೆ ಕಾಲು ಚಾಚಿ ಕೂತು ತೊಡೆ ಉಜ್ಜಿಕೊಳ್ಳುತ್ತಿದ್ದ. ಮೊಣಕೈ ತರಚಿತ್ತು, ತುಟಿ ಒಡೆದಿತ್ತು. ಸುತ್ತ ಸೇರಿದ್ದ ಜನ ಚದುರಿದ ಮೇಲೆ ಭಾವ ಅವನ ಪಕ್ಕ ಕುಕ್ಕರಿಸಿದ. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂದು ಅವನಿಗೆ ಗೊತ್ತಿತ್ತು.

"ಲೋ, ಒಂದು ಮಾತು ಹೇಳ್ತೀನಿ. ಕೇಳಿದ ಮೇಲೆ ನನ್ನ ಜೊತೆ ಕೆಲಸಕ್ಕೆ ಬರಲ್ಲ ಅಂದ್ರೂ ಬೇಜಾರಿಲ್ಲ. ತಿಂಗಳುಗಳಿಂದ ನನ್ನ ತಲೇಲಿ ಒಂದು ಯೋಚನೆ ಬರ್ತಿದೆ. ನಿನ್ನ ಹಗ್ಗ ಕೊಯ್ದುಬಿಡು ಅಂತ. ದಿನಾ. ಅದಕ್ಕೇ ಔಷಧಿ ತಗೋತಿದ್ದೀನಿ, ಈ ವಿಷಯ ನಿಮ್ಮಕ್ಕನಿಗೂ ಹೇಳಿಲ್ಲ. ಅದರ ಹೆದರಿಕೆಗೇ ಅಷ್ಟು ಗಂಟು ಹಾಕ್ತಿದ್ದೆ."

ಹಲ್ಲಿ ಉಜ್ಜುವುದನ್ನು ನಿಲ್ಲಿಸಿದ. ತಲೆಯೆತ್ತಿ ತಾನು ನೇತಾಡಿದ್ದ ಗೋಡೆಯನ್ನು ತುದಿಯವರೆಗೂ ನೋಡಿದ.

"ಈಗ ಕೊಯ್ಯೋವಾಗ್ಲೂ ಬಂತಾ?"

"ಬಂತು. ಮೂರೂ ಕೊಯ್ಯಿ ಅಂತು."

"ಮೂರೂನಾ?" ಹಲ್ಲಿ ಅವನ ಮುಖವನ್ನೇ ದಿಟ್ಟಿಸಿದ. "ಅಲ್ಲ ಭಾವಾ, ಸಾಯಿಸೋನು ಯಾರಾದ್ರೂ ಇಷ್ಟು ಗಂಟು ಹಾಕ್ತಾನಾ? ದಿನಾ ಒಬ್ಬರೇ ಇಷ್ಟು ಹೆದರ್ಕೊಂಡು ಮೇಲೆ ನಿಂತಿದ್ರಾ ನೀವು? ನಾನು ಕೆಳಗೆ ಹಾಡು ಹೇಳ್ಕೊಂಡು ಆರಾಮಾಗಿದ್ನಲ್ಲ!"

ಹಲ್ಲಿ ಅಂಗಿಯ ತೋಳಿನಿಂದ ತುಟಿಯ ರಕ್ತ ಒರೆಸಿಕೊಂಡ.

"ಡಾಕ್ಟರು ಮಾತ್ರೆ ಇನ್ನೂ ಏರಿಸ್ತಾರಂತಾ?"

"ನೋಡ್ಬೇಕು. ಮುಂದಿನ ಸಲ ಹೋದಾಗ ಹೇಳ್ತಾರೆ."

"ನಾನೂ ಬರ್ತೀನಿ. ಅಕ್ಕನ್ನೂ ಕರ್ಕೊಂಡು ಹೋಗೋಣ, ಅವಳಿಂದ ಮುಚ್ಚಿಟ್ಟಿದ್ದು ಸಾಕು. ಈಗ ಕೈ ಕೊಡಿ, ಕಾಲು ಜೋಮು ಹಿಡಿದಿದೆ, ಏಳೋಕಾಗ್ತಿಲ್ಲ."

ಭಾವ ಬಲಗೈ ಚಾಚಿದ. ಹಲ್ಲಿ ಅದನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟ. ಅವನು ಅರ್ಧ ಎದ್ದಿದ್ದಾಗ, ಕೈ ಬಿಟ್ಟುಬಿಡು ಎಂದಿತು ತಲೆ. ಓ, ಬಂದೆಯಾ ಎಂದುಕೊಂಡ ಭಾವ, ಭಾಮೈದನನ್ನು ಎಳೆದು ನಿಲ್ಲಿಸಿದ.